ಕಾಂಚೀಪುರದ ದೇವಾಲಯ ಯಾತ್ರೆ

ಕಾಂಚೀಪುರವು ತಮಿಳುನಾಡಿನ ಒಂದು ಪ್ರಾಚೀನ ನಗರ ಮತ್ತು ಅದೇ ಹೆಸರಿನ ಜಿಲ್ಲೆಯ ಕೇಂದ್ರ. ಇದು ಚೆನ್ನೈನಿಂದ ನೈಋತ್ಯಕ್ಕೆ ಸುಮಾರು 75 ಕಿ.ಮೀ. ದೂರದಲ್ಲಿ, ಪಾಲಾರ್ ನದಿಯ ಉಪನದಿಯಾದ ವೇಗವತಿಯ ದಡದಲ್ಲಿದೆ. ಕಂಚಿ, ಕಾಂಚಿ, ಕಾಂಜೀವರಂ ಎಂಬ ಹೆಸರುಗಳಿಂದಲೂ ಪ್ರಸಿದ್ಧವಾಗಿದೆ. ಅಯೋಧ್ಯೆ, ಮಥುರೆ, ಮಾಯಾ (ಹರಿದ್ವಾರ), ಕಾಶಿ, ಕಾಂಚಿ, ಅವಂತಿಕಾ (ಉಜ್ಜಯಿನಿ) ಮತ್ತು ದ್ವಾರಕೆ ಎಂಬ ಏಳು ಮೋಕ್ಷಪುರಿಗಳಲ್ಲಿ ದಕ್ಷಿಣ ಭಾರತಕ್ಕೆ ಸೇರಿದ್ದು ಇದೊಂದೇ. ಇಲ್ಲಿನ ಮುಖ್ಯ ದೇವಾಲಯಗಳು ಕೆಲವೇ ಕಿಲೋಮೀಟರುಗಳ ಅಂತರದಲ್ಲಿ ಇರುವುದರಿಂದ ಚೆನ್ನೈ ಮೊದಲಾದ ಊರುಗಳಿಂದ ಕುಟುಂಬ ಸಮೇತರಾಗಿ ಬಂದು ಒಂದೇ ದಿನದಲ್ಲಿ ದರ್ಶನ ಮುಗಿಸಿ ಮರಳುವವರ ಸಂಖ್ಯೆ ದೊಡ್ಡದು. ಬೆಂಗಳೂರಿನಿಂದ ಚೆನ್ನೈಗೆ ಹೋಗುವ ರಾಷ್ಟ್ರೀಯ ಹೆದ್ದಾರಿಗೆ ಹತ್ತಿರವಿರುವ ಕಾರಣ ಕರ್ನಾಟಕದ ಯಾತ್ರಿಕರೂ ಇಲ್ಲಿಗೆ ಹೆಚ್ಚಾಗಿ ಭೇಟಿ ನೀಡುತ್ತಾರೆ.

ನಗರದ ವಿಭಾಗಗಳು

ಪರಂಪರೆಯ ಪ್ರಕಾರ ಊರನ್ನು ಮೂರು ಭಾಗಗಳಾಗಿ ಗುರುತಿಸಲಾಗುತ್ತದೆ. ಏಕಾಮ್ರನಾಥ, ಕಾಮಾಕ್ಷಿ ಮತ್ತು ಕೈಲಾಸನಾಥ ದೇವಾಲಯಗಳಿರುವ ಪಶ್ಚಿಮ ಭಾಗ ಶಿವಕಂಚಿ. ಇದಕ್ಕೆ ದೊಡ್ಡ ಕಂಚಿ ಎಂಬ ಹೆಸರೂ ಇದೆ. ವರದರಾಜಸ್ವಾಮಿ ದೇವಾಲಯವಿರುವ ಆಗ್ನೇಯ ಭಾಗ ವಿಷ್ಣುಕಂಚಿ ಅಥವಾ ಚಿಕ್ಕ ಕಂಚಿ. ವೇಗವತಿಯ ಆಚೆ ದಡದ ತಿರುಪ್ಪರುತ್ತಿಕುಂಡ್ರಂ ಎಂಬ ಗ್ರಾಮ ಜಿನಕಂಚಿ ಎನಿಸಿದೆ. ಬೌದ್ಧ ಧರ್ಮವೂ ಇಲ್ಲಿ ನೆಲೆಗೊಂಡಿತ್ತು. ಕ್ರಿ.ಶ. 640ರ ಸುಮಾರಿಗೆ ಇಲ್ಲಿಗೆ ಬಂದ ಚೀನೀ ಯಾತ್ರಿಕ ಹ್ಯೂಯೆನ್ ತ್ಸಾಂಗ್ ನಗರದ ಬೌದ್ಧ ವಿಹಾರಗಳನ್ನು ವಿವರಿಸಿದ್ದಾನೆ.

ಇತಿಹಾಸ

ಕಾಂಚಿ ಸುಮಾರು 4ನೆಯ ಶತಮಾನದಿಂದ 9ನೆಯ ಶತಮಾನದವರೆಗೆ ಪಲ್ಲವರ ರಾಜಧಾನಿಯಾಗಿತ್ತು. ಇಲ್ಲಿನ ಘಟಿಕಾಸ್ಥಾನವು ಸಂಸ್ಕೃತ ವಿದ್ಯಾಭ್ಯಾಸಕ್ಕೆ ಹೆಸರಾಗಿತ್ತು. ಪಲ್ಲವರ ನಂತರ ಚೋಳರು ಮತ್ತು ವಿಜಯನಗರದ ಅರಸರು ನಗರವನ್ನು ಆಳಿದರು. ಇಂದು ಕಾಣುವ ದೇವಾಲಯಗಳಲ್ಲಿ ಪಲ್ಲವರ ಮೂಲ ಕಟ್ಟಡಗಳೂ, ಚೋಳರ ಸೇರ್ಪಡೆಗಳೂ, ವಿಜಯನಗರ ಕಾಲದ ಎತ್ತರದ ಗೋಪುರಗಳು ಮತ್ತು ಮಂಟಪಗಳೂ ಒಟ್ಟಿಗೆ ಇವೆ. ಹೀಗಾಗಿ ಒಂದು ದಿನದ ಸುತ್ತಾಟದಲ್ಲಿಯೇ ದ್ರಾವಿಡ ಶೈಲಿಯ ಸುಮಾರು ಎಂಟುನೂರು ವರ್ಷಗಳ ಬೆಳವಣಿಗೆಯನ್ನು ನೋಡಲು ಸಾಧ್ಯವಾಗುತ್ತದೆ.

ಕೈಲಾಸನಾಥ ದೇವಾಲಯ

ಕಾಂಚಿಯಲ್ಲಿ ಇಂದು ಉಳಿದಿರುವ ಕಲ್ಲಿನ ದೇವಾಲಯಗಳ ಪೈಕಿ ಅತಿ ಪ್ರಾಚೀನವಾದದ್ದು ಕೈಲಾಸನಾಥ. 8ನೆಯ ಶತಮಾನದ ಆರಂಭದಲ್ಲಿ ಇದನ್ನು ಕಟ್ಟಿಸಿದವನು ರಾಜಸಿಂಹ ಎಂಬ ಬಿರುದಿನ ಪಲ್ಲವ ದೊರೆ ಎರಡನೆಯ ನರಸಿಂಹವರ್ಮ. ಆದ್ದರಿಂದ ಇದರ ಮೂಲ ಹೆಸರು ರಾಜಸಿಂಹೇಶ್ವರ. ಮುಂಭಾಗದ ಮಹೇಂದ್ರವರ್ಮೇಶ್ವರ ಎಂಬ ಗುಡಿಯನ್ನು ಅವನ ಮಗ ಮೂರನೆಯ ಮಹೇಂದ್ರವರ್ಮನು ಕಟ್ಟಿಸಿದನು. ಪ್ರವೇಶದ ಬಳಿ ಸಾಲಾಗಿರುವ ಚಿಕ್ಕ ಗುಡಿಗಳಲ್ಲಿ ಒಂದು ರಾಣಿ ರಂಗಪತಾಕೆಯದೆಂದು ಅಲ್ಲಿನ ಶಾಸನದಿಂದ ತಿಳಿದುಬರುತ್ತದೆ.

ಅಡಿಪಾಯಕ್ಕೆ ಗಟ್ಟಿಯಾದ ಗ್ರಾನೈಟ್ ಮತ್ತು ಮೇಲಿನ ಭಾಗಕ್ಕೆ ಮರಳುಗಲ್ಲು ಬಳಸಲಾಗಿದೆ. ಗರ್ಭಗೃಹದಲ್ಲಿ ಹದಿನಾರು ಮುಖಗಳ ಕಪ್ಪು ಶಿಲೆಯ ಲಿಂಗವಿದೆ. ಪ್ರಾಕಾರದ ಒಳಗೋಡೆಯ ಉದ್ದಕ್ಕೂ 58 ಚಿಕ್ಕ ಗುಡಿಗಳಿವೆ. ಅವುಗಳಲ್ಲಿ ಕೆಲವೆಡೆ ಪಲ್ಲವರ ಕಾಲದ ವರ್ಣಚಿತ್ರಗಳ ಅವಶೇಷಗಳು ಉಳಿದಿವೆ. ಹಿಂಗಾಲುಗಳ ಮೇಲೆ ಎದ್ದು ನಿಂತ ಸಿಂಹಗಳ ಕಂಬಗಳು, ಶಿವ ಪಾರ್ವತಿಯರ ನಡುವೆ ಬಾಲಸ್ಕಂದ ಕುಳಿತಿರುವ ಸೋಮಾಸ್ಕಂದ ಫಲಕಗಳು ಇಲ್ಲಿನ ವಿಶೇಷಗಳು. ರಾಜಸಿಂಹನ ಇನ್ನೂರಕ್ಕೂ ಹೆಚ್ಚು ಬಿರುದುಗಳನ್ನು ಚಿಕ್ಕ ಗುಡಿಗಳ ಮೇಲೆ ಅಲಂಕಾರಿಕ ಲಿಪಿಗಳಲ್ಲಿ ಕೆತ್ತಲಾಗಿದೆ.

ಗರ್ಭಗೃಹದ ಸುತ್ತ ಅತ್ಯಂತ ಕಿರಿದಾದ ಪ್ರದಕ್ಷಿಣಾ ಪಥವಿದೆ. ಒಂದು ಬದಿಯ ಕಿಂಡಿಯಲ್ಲಿ ತೆವಳಿಕೊಂಡು ಒಳಹೊಕ್ಕು, ಸುತ್ತಿ ಬಂದು, ಇನ್ನೊಂದು ಬದಿಯಲ್ಲಿ ಹೊರಬರಬೇಕು. ಹೀಗೆ ಬಂದವರಿಗೆ ಪುನರ್ಜನ್ಮವಿಲ್ಲ ಎಂಬುದು ಭಕ್ತರ ನಂಬಿಕೆ. ಮಕ್ಕಳಿಗೆ ಇದು ಕುತೂಹಲದ ಜಾಗ. ಮಂಡಿನೋವು ಅಥವಾ ಉಬ್ಬಸವಿರುವ ಹಿರಿಯರು ಹೊರಗಿನ ಪ್ರಾಕಾರದಲ್ಲಿ ಪ್ರದಕ್ಷಿಣೆ ಬರುವುದು ವಾಡಿಕೆ.

ಈ ದೇವಾಲಯದೊಂದಿಗೆ ಶೈವ ನಾಯನ್ಮಾರರಲ್ಲಿ ಒಬ್ಬರಾದ ಪೂಸಲಾರರ ಕಥೆ ಬೆಸೆದುಕೊಂಡಿದೆ. ಸೇಕ್ಕಿಳಾರರ ಪೆರಿಯಪುರಾಣದಲ್ಲಿ ಬರುವ ಈ ಕಥೆಯಂತೆ, ತಿರುನಿನ್ರವೂರಿನ ಬಡ ಭಕ್ತ ಪೂಸಲಾರರು ಶಿವನಿಗೆ ಗುಡಿ ಕಟ್ಟಲು ಹಣ ದೊರೆಯದೆ, ಕಲ್ಲಿನ ಮೇಲೆ ಕಲ್ಲಿಟ್ಟಂತೆ ಮನಸ್ಸಿನಲ್ಲಿಯೇ ಒಂದು ಗುಡಿಯನ್ನು ಕಟ್ಟುತ್ತಾ ಹೋದರು. ಅದು ಮುಗಿದಾಗ ಪ್ರತಿಷ್ಠೆಗೆ ಒಂದು ದಿನವನ್ನು ಗೊತ್ತುಮಾಡಿದರು. ಕಾಂಚಿಯ ರಾಜನೂ ತನ್ನ ಕಲ್ಲಿನ ಗುಡಿಯ ಪ್ರತಿಷ್ಠೆಗೆ ಅದೇ ದಿನವನ್ನು ನಿಶ್ಚಯಿಸಿದ್ದನು. ಶಿವನು ರಾಜನ ಕನಸಿನಲ್ಲಿ ಕಾಣಿಸಿಕೊಂಡು, ಆ ದಿನ ತಾನು ಪೂಸಲಾರರ ಗುಡಿಗೆ ಹೋಗಬೇಕಾಗಿರುವುದರಿಂದ ಪ್ರತಿಷ್ಠೆಯನ್ನು ಮುಂದೂಡುವಂತೆ ತಿಳಿಸಿದನು. ರಾಜನು ಆ ಊರಿಗೆ ಹೋಗಿ ಹುಡುಕಿದಾಗ ಗುಡಿ ಎಲ್ಲಿಯೂ ಕಾಣಲಿಲ್ಲ. ವಿಷಯ ತಿಳಿದ ಮೇಲೆ ಭಕ್ತನ ಕಾಲಿಗೆರಗಿದನು. ಕಥೆಯ ರಾಜನು ರಾಜಸಿಂಹನೇ ಎಂದು ಗುರುತಿಸಲಾಗುತ್ತದೆ.

ಕೈಲಾಸನಾಥದ ಕನ್ನಡ ಶಾಸನ

ಕೈಲಾಸನಾಥ ದೇವಾಲಯದ ಮಂಟಪದ ಒಂದು ಕಂಬದ ಮೇಲೆ ಬಾದಾಮಿ ಚಾಲುಕ್ಯ ದೊರೆ ಎರಡನೆಯ ವಿಕ್ರಮಾದಿತ್ಯನ ಕನ್ನಡ ಶಾಸನವಿದೆ. ತಮಿಳು ನಾಡಿನ ರಾಜಧಾನಿಯೊಂದರ ಮುಖ್ಯ ದೇವಾಲಯದಲ್ಲಿ, ಶತ್ರು ರಾಜನು ಕೆತ್ತಿಸಿದ ಕನ್ನಡ ಬರಹ ಇದಾಗಿರುವುದರಿಂದ ಇದರ ಹಿನ್ನೆಲೆಯನ್ನು ತಿಳಿಯುವುದು ಅಗತ್ಯ.

ಚಾಲುಕ್ಯರಿಗೂ ಪಲ್ಲವರಿಗೂ ತಲೆಮಾರುಗಳ ಹಗೆತನವಿತ್ತು. ಎರಡನೆಯ ಪುಲಿಕೇಶಿಯು ಪಲ್ಲವರನ್ನು ಸೋಲಿಸಿ ಕಾಂಚಿಯ ಕೋಟೆಗೋಡೆಯ ಹಿಂದೆ ಅಡಗುವಂತೆ ಮಾಡಿದನೆಂದು 634ರ ಐಹೊಳೆ ಶಾಸನ ಹೇಳುತ್ತದೆ. ಇದಕ್ಕೆ ಪ್ರತೀಕಾರವಾಗಿ 642ರಲ್ಲಿ ಪಲ್ಲವ ದೊರೆ ಒಂದನೆಯ ನರಸಿಂಹವರ್ಮನು ಬಾದಾಮಿಯನ್ನು ಗೆದ್ದು 'ವಾತಾಪಿಕೊಂಡ' ಎಂಬ ಬಿರುದು ಧರಿಸಿದನು. ಬಾದಾಮಿಯ ಬಂಡೆಯೊಂದರ ಮೇಲೆ ಅವನ ಶಾಸನವನ್ನು ಇಂದಿಗೂ ಕಾಣಬಹುದು. ಸುಮಾರು ನೂರು ವರ್ಷಗಳ ಬಳಿಕ, ಕ್ರಿ.ಶ. 733ರ ಸುಮಾರಿಗೆ ಪಟ್ಟಕ್ಕೆ ಬಂದ ಎರಡನೆಯ ವಿಕ್ರಮಾದಿತ್ಯನು ಪಲ್ಲವ ದೊರೆ ಎರಡನೆಯ ನಂದಿವರ್ಮನನ್ನು ಸೋಲಿಸಿ ಕಾಂಚಿಯನ್ನು ಪ್ರವೇಶಿಸಿದನು.

ನಗರವನ್ನು ಸುಟ್ಟು ಸೇಡು ತೀರಿಸಿಕೊಳ್ಳಲು ಅವನಿಗೆ ಅವಕಾಶವಿತ್ತು. ಆದರೆ ಶಾಸನ ತಿಳಿಸುವುದು ಬೇರೆಯದೇ ಸಂಗತಿ: ರಾಜಸಿಂಹೇಶ್ವರದ ಸಂಪತ್ತನ್ನು ಕಂಡ ವಿಕ್ರಮಾದಿತ್ಯನು ಅದನ್ನು ವಶಪಡಿಸಿಕೊಳ್ಳದೆ ದೇವರಿಗೇ ಬಿಟ್ಟುಕೊಟ್ಟನು. ಅವನ ಮಗ ಎರಡನೆಯ ಕೀರ್ತಿವರ್ಮನ 757ರ ತಾಮ್ರಶಾಸನವು ಇದೇ ಘಟನೆಯನ್ನು ಸಂಸ್ಕೃತದಲ್ಲಿ ವಿವರಿಸುತ್ತದೆ. ಕೋಲಾರ ಜಿಲ್ಲೆಯ ವೊಕ್ಕಲೇರಿಯಲ್ಲಿ ದೊರೆತ ಈ ಶಾಸನದ ಪ್ರಕಾರ ವಿಕ್ರಮಾದಿತ್ಯನು ಕಾಂಚಿಯನ್ನು ಹಾಳುಗೆಡವದೆ ಪ್ರವೇಶಿಸಿ, ಬ್ರಾಹ್ಮಣರಿಗೂ ದೀನರಿಗೂ ಅನಾಥರಿಗೂ ದಾನ ನೀಡಿ, ರಾಜಸಿಂಹೇಶ್ವರ ಮತ್ತು ಇತರ ದೇವಾಲಯಗಳಿಗೆ ರಾಶಿ ರಾಶಿ ಚಿನ್ನವನ್ನು ಹಿಂದಿರುಗಿಸಿದನು. ಇವೆರಡೂ ಗೆದ್ದವರ ಕಡೆಯ ದಾಖಲೆಗಳೇ ಆದರೂ, ಕೈಲಾಸನಾಥ ದೇವಾಲಯವು ನಾಶವಾಗದೆ ಉಳಿದಿರುವುದು ಮತ್ತು ಪಲ್ಲವರು ನಗರವನ್ನು ಮರಳಿ ಪಡೆದ ಮೇಲೂ ಶತ್ರುವಿನ ಶಾಸನವನ್ನು ಅಳಿಸದೆ ಬಿಟ್ಟಿರುವುದು ಗಮನಾರ್ಹ.

ಈ ವಿಜಯದ ನೆನಪಿಗಾಗಿ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿಯು ಪಟ್ಟದಕಲ್ಲಿನಲ್ಲಿ ಲೋಕೇಶ್ವರ ದೇವಾಲಯವನ್ನು ಕಟ್ಟಿಸಿದಳು. ಇಂದು ವಿರೂಪಾಕ್ಷ ಎಂದು ಕರೆಯಲಾಗುವ ಈ ದೇವಾಲಯಕ್ಕೂ ಕೈಲಾಸನಾಥಕ್ಕೂ ಸಾಮ್ಯವಿರುವುದನ್ನು ವಿದ್ವಾಂಸರು ಗುರುತಿಸಿದ್ದಾರೆ. ಅದರ ಶಿಲ್ಪಿ ಗುಂಡನ್ ಅನಿವಾರಿತಾಚಾರಿಯ ಹೆಸರು ಪಟ್ಟದಕಲ್ಲಿನ ಶಾಸನದಲ್ಲಿದೆ. 1987ರಲ್ಲಿ ಪಟ್ಟದಕಲ್ಲಿನ ಸ್ಮಾರಕಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು.

ಏಕಾಮ್ರನಾಥ ದೇವಾಲಯ

ಶಿವನ ಪಂಚಭೂತ ಕ್ಷೇತ್ರಗಳಲ್ಲಿ ಏಕಾಮ್ರನಾಥ (ಏಕಾಂಬರೇಶ್ವರ) ಪೃಥ್ವಿ ತತ್ತ್ವದ ಕ್ಷೇತ್ರ. ಉಳಿದ ನಾಲ್ಕು ಕ್ಷೇತ್ರಗಳು ಜಲಕ್ಕೆ ತಿರುವಾನೈಕ್ಕಾವಲ್, ಅಗ್ನಿಗೆ ತಿರುವಣ್ಣಾಮಲೈ, ವಾಯುವಿಗೆ ಶ್ರೀಕಾಳಹಸ್ತಿ ಮತ್ತು ಆಕಾಶಕ್ಕೆ ಚಿದಂಬರ. 'ಏಕ' ಮತ್ತು 'ಆಮ್ರ' ಎಂಬ ಪದಗಳು ಸೇರಿ ಒಂಟಿ ಮಾವಿನ ಮರದ ಒಡೆಯ ಎಂಬ ಅರ್ಥ ಬರುತ್ತದೆ. ಪಾರ್ವತಿಯು ಇಲ್ಲಿ ಮಾವಿನ ಮರದ ಕೆಳಗೆ ಮರಳಿನ ಲಿಂಗವನ್ನು ಮಾಡಿ ತಪಸ್ಸಿಗೆ ಕುಳಿತಿದ್ದಾಗ ಕಂಪಾ ನದಿ ಉಕ್ಕಿ ಬಂದಿತೆಂದೂ, ಲಿಂಗವು ಕೊಚ್ಚಿಹೋಗದಂತೆ ಆಕೆ ಅದನ್ನು ತಬ್ಬಿಕೊಂಡಳೆಂದೂ ಸ್ಥಳಪುರಾಣ ಹೇಳುತ್ತದೆ. ಲಿಂಗವು ಮಣ್ಣಿನದಾದ್ದರಿಂದ ಅದರ ಮೇಲೆ ನೇರವಾಗಿ ನೀರು ಸುರಿಯುವ ಪದ್ಧತಿಯಿಲ್ಲ. ಶಿವಪಾರ್ವತಿಯರ ಕಲ್ಯಾಣೋತ್ಸವವು ಪಂಗುಣಿ ಮಾಸದ ಉತ್ತರಾ ನಕ್ಷತ್ರದ ಸಂದರ್ಭದಲ್ಲಿ ನಡೆಯುತ್ತದೆ.

ದಕ್ಷಿಣದ ರಾಜಗೋಪುರ 60 ಮೀಟರಿಗೆ ಸಮೀಪದ ಎತ್ತರವಿದ್ದು, 1509ರಲ್ಲಿ ವಿಜಯನಗರದ ಕೃಷ್ಣದೇವರಾಯನ ಕಾಲದಲ್ಲಿ ನಿರ್ಮಾಣವಾಯಿತು. ದೇವಾಲಯದಲ್ಲಿ ಸಾವಿರ ಕಂಬದ ಮಂಟಪವಿದೆ. ಸ್ಥಳವೃಕ್ಷವಾದ ಮಾವಿನ ನಾಲ್ಕು ಕೊಂಬೆಗಳು ನಾಲ್ಕು ವೇದಗಳನ್ನು ಸೂಚಿಸುತ್ತವೆ ಮತ್ತು ಅವು ನಾಲ್ಕು ಬಗೆಯ ರುಚಿಯ ಹಣ್ಣು ಬಿಡುತ್ತವೆ ಎಂಬ ನಂಬಿಕೆಯಿದೆ.

ಕಾಮಾಕ್ಷಿ ದೇವಾಲಯ

ಊರಿನ ನಡುವೆ ಇರುವ ಕಾಮಾಕ್ಷಿ ದೇವಾಲಯ ಶಾಕ್ತ ಸಂಪ್ರದಾಯದ ಪ್ರಮುಖ ಪೀಠ. ದೇವಿಯು ಪದ್ಮಾಸನದಲ್ಲಿ ಕುಳಿತು ಪಾಶ, ಅಂಕುಶ, ಕಬ್ಬಿನ ಬಿಲ್ಲು ಮತ್ತು ಹೂಬಾಣಗಳನ್ನು ಧರಿಸಿದ್ದಾಳೆ. ಮೂರ್ತಿಯ ಎದುರಿಗೆ ಶ್ರೀಚಕ್ರವಿದೆ; ಅದನ್ನು ಸ್ಥಾಪಿಸಿದವರು ಶಂಕರಾಚಾರ್ಯರು ಎಂಬುದು ಪರಂಪರೆ. ಇಡೀ ಕ್ಷೇತ್ರಕ್ಕೆ ಕಾಮಾಕ್ಷಿಯೊಬ್ಬಳೇ ಅಮ್ಮನವರು ಎಂಬ ಭಾವನೆಯಿಂದ ಕಾಂಚಿಯ ಹಳೆಯ ಶಿವಾಲಯಗಳಲ್ಲಿ ಪಾರ್ವತಿಗೆ ಪ್ರತ್ಯೇಕ ಗರ್ಭಗುಡಿ ಇರುವುದಿಲ್ಲ ಎನ್ನಲಾಗುತ್ತದೆ.

ಯುದ್ಧಗಳ ಕಾಲದಲ್ಲಿ ರಕ್ಷಣೆಗಾಗಿ ಇಲ್ಲಿಂದ ಸಾಗಿಸಲಾದ ಚಿನ್ನದ ಮೂರ್ತಿಯು ಕೊನೆಗೆ ತಂಜಾವೂರಿನಲ್ಲಿ ನೆಲೆಗೊಂಡು ಬಂಗಾರು ಕಾಮಾಕ್ಷಿ ಎಂದು ಹೆಸರಾಯಿತು. ಕರ್ನಾಟಕ ಸಂಗೀತದ ತ್ರಿಮೂರ್ತಿಗಳಲ್ಲಿ ಒಬ್ಬರಾದ ಶ್ಯಾಮಾಶಾಸ್ತ್ರಿಗಳು ಆ ಮೂರ್ತಿಯ ಅರ್ಚಕರ ಮನೆತನದವರು. ಕಾಂಚಿಯಿಂದ ಹೊರಟ ದೇವಿಯನ್ನು ಕುರಿತೇ ಅವರ ಅನೇಕ ಕೃತಿಗಳು ರಚನೆಯಾಗಿವೆ.

ಕಾಮಾಕ್ಷಿ ಮತ್ತು ಏಕಾಮ್ರನಾಥ ದೇವಾಲಯಗಳ ನಡುವೆ ಸುಬ್ರಹ್ಮಣ್ಯನ ಕುಮಾರಕೋಟ್ಟಂ ಇದೆ. ಕಚ್ಚಿಯಪ್ಪ ಶಿವಾಚಾರ್ಯರು ತಮಿಳಿನ ಕಂದಪುರಾಣವನ್ನು ಇಲ್ಲಿಯೇ ರಚಿಸಿದರು. ಹೀಗೆ ಶಿವ, ಸ್ಕಂದ ಮತ್ತು ದೇವಿಯ ಸನ್ನಿಧಿಗಳು ಸೋಮಾಸ್ಕಂದ ಮೂರ್ತಿಯ ಕ್ರಮದಲ್ಲಿಯೇ ಊರಿನಲ್ಲಿ ನೆಲೆಗೊಂಡಿವೆ ಎಂದು ಭಕ್ತರು ಹೇಳುತ್ತಾರೆ.

ಉಲಗಳಂದ ಪೆರುಮಾಳ್ ಮತ್ತು ವೈಕುಂಠ ಪೆರುಮಾಳ್ ದೇವಾಲಯಗಳು

ಕಾಮಾಕ್ಷಿ ಗುಡಿಯ ಸಮೀಪದ ಉಲಗಳಂದ ಪೆರುಮಾಳ್ ದೇವಾಲಯದಲ್ಲಿ ತ್ರಿವಿಕ್ರಮನ ಮೂರ್ತಿ ಸುಮಾರು 35 ಅಡಿ ಎತ್ತರವಿದೆ. 'ಉಲಗಳಂದ' ಎಂದರೆ ಲೋಕವನ್ನು ಅಳೆದವನು ಎಂದರ್ಥ. ಆಳ್ವಾರರು ಹಾಡಿದ 108 ದಿವ್ಯದೇಶಗಳಲ್ಲಿ ನಾಲ್ಕು ಈ ಒಂದೇ ಆವರಣದಲ್ಲಿವೆ.

ವೈಕುಂಠ ಪೆರುಮಾಳ್ ದೇವಾಲಯವನ್ನು 8ನೆಯ ಶತಮಾನದಲ್ಲಿ ಎರಡನೆಯ ನಂದಿವರ್ಮನು ಕಟ್ಟಿಸಿದನು. ಒಂದರ ಮೇಲೊಂದರಂತೆ ಇರುವ ಮೂರು ಗರ್ಭಗೃಹಗಳಲ್ಲಿ ವಿಷ್ಣುವು ಕುಳಿತ, ಮಲಗಿದ ಮತ್ತು ನಿಂತ ಭಂಗಿಗಳಲ್ಲಿದ್ದಾನೆ. ಸಿಂಹಕಂಬಗಳ ಕೈಸಾಲೆಯ ಗೋಡೆಯ ಮೇಲೆ ಪಲ್ಲವ ವಂಶದ ಚರಿತ್ರೆಯನ್ನು ಸಾಲು ಸಾಲು ಶಿಲ್ಪಗಳಲ್ಲಿ ಕೆತ್ತಲಾಗಿದೆ. ಹಿಂದಿನ ರಾಜನು ಸಂತಾನವಿಲ್ಲದೆ ತೀರಿಕೊಂಡಾಗ ನಗರದ ಪ್ರಮುಖರು ಹಿರಣ್ಯವರ್ಮನ ಬಳಿಗೆ ಹೋಗಿ ಅವನ ಮಕ್ಕಳಲ್ಲಿ ಒಬ್ಬನನ್ನು ಕೇಳಿದ್ದು, ಉಳಿದವರು ಒಪ್ಪದಿದ್ದಾಗ ಹನ್ನೆರಡು ವರ್ಷದ ಬಾಲಕನೊಬ್ಬ ರಾಜನಾಗಲು ಮುಂದೆ ಬಂದದ್ದು ಇಲ್ಲಿ ಚಿತ್ರಿತವಾಗಿದೆ. ಆ ಬಾಲಕನೇ ನಂದಿವರ್ಮ. ವಿಕ್ರಮಾದಿತ್ಯನ ದಾಳಿಯನ್ನು ಎದುರಿಸಬೇಕಾಗಿ ಬಂದವನೂ ಇವನೇ. ಕೈಲಾಸನಾಥದ ಕನ್ನಡ ಶಾಸನವನ್ನು ನೋಡಿ ಬಂದವರು ಈ ಶಿಲ್ಪಗಳನ್ನು ನೋಡಿದರೆ ಒಂದೇ ಕಾಲದ ಇತಿಹಾಸದ ಎರಡು ಮಗ್ಗುಲುಗಳೂ ತಿಳಿಯುತ್ತವೆ.

ವರದರಾಜಸ್ವಾಮಿ ದೇವಾಲಯ

ವಿಷ್ಣುಕಂಚಿಯ ವರದರಾಜಸ್ವಾಮಿ ದೇವಾಲಯವು ಶ್ರೀವೈಷ್ಣವರಿಗೆ ಶ್ರೀರಂಗ ಮತ್ತು ತಿರುಪತಿಗಳಷ್ಟೇ ಪೂಜ್ಯವಾದದ್ದು. ಬ್ರಹ್ಮನ ಯಜ್ಞವನ್ನು ಕೆಡಿಸಲು ಸರಸ್ವತಿಯು ವೇಗವತಿ ನದಿಯಾಗಿ ಹರಿದುಬಂದಾಗ ವಿಷ್ಣುವು ಅಡ್ಡಲಾಗಿ ಮಲಗಿ ತಡೆದನೆಂದೂ, ಬಳಿಕ ಯಜ್ಞಕುಂಡದಿಂದ ವರದನಾಗಿ ಕಾಣಿಸಿಕೊಂಡನೆಂದೂ ಸ್ಥಳಪುರಾಣ ಹೇಳುತ್ತದೆ. ಹಸ್ತಿಗಿರಿ ಎಂದು ಕರೆಯಲಾಗುವ ಎತ್ತರದ ಭಾಗದಲ್ಲಿರುವ ಗರ್ಭಗೃಹಕ್ಕೆ 24 ಮೆಟ್ಟಿಲುಗಳನ್ನು ಹತ್ತಿ ಹೋಗಬೇಕು. ಸಮೀಪದ ಚಾವಣಿಯಲ್ಲಿರುವ ಚಿನ್ನದ ಮತ್ತು ಬೆಳ್ಳಿಯ ಹಲ್ಲಿಗಳನ್ನು ಮುಟ್ಟಿದರೆ ಹಲ್ಲಿ ಮೈಮೇಲೆ ಬಿದ್ದ ದೋಷ ಪರಿಹಾರವಾಗುತ್ತದೆ ಎಂಬ ನಂಬಿಕೆಯಿಂದ ಭಕ್ತರು ಸಾಲಾಗಿ ನಿಲ್ಲುತ್ತಾರೆ.

ಯುವಕರಾಗಿದ್ದಾಗ ರಾಮಾನುಜರು ಕಾಂಚಿಯಲ್ಲಿ ಯಾದವಪ್ರಕಾಶರ ಬಳಿ ವ್ಯಾಸಂಗ ಮಾಡಿದರು ಮತ್ತು ವರದರಾಜನ ಸೇವೆಯಲ್ಲಿದ್ದ ತಿರುಕ್ಕಚ್ಚಿ ನಂಬಿಗಳನ್ನು ಹಿರಿಯರೆಂದು ಗೌರವಿಸಿದರು. ನಂಬಿಗಳು ಬ್ರಾಹ್ಮಣರಾಗಿರಲಿಲ್ಲ, ಆದರೂ ರಾಮಾನುಜರು ಅವರನ್ನು ಗುರುಸಮಾನರಾಗಿ ಕಂಡದ್ದನ್ನು ಶ್ರೀವೈಷ್ಣವ ಗ್ರಂಥಗಳು ಮುಖ್ಯವಾಗಿ ಹೇಳುತ್ತವೆ. ಮುಂದೆ ರಾಮಾನುಜರು ಕರ್ನಾಟಕಕ್ಕೆ ಬಂದು ಮೇಲುಕೋಟೆಯಲ್ಲಿ ನೆಲೆಸಿದರು.

ವಿಜಯನಗರ ಕಾಲದ ನೂರು ಕಂಬದ ಮಂಟಪದಲ್ಲಿ ಕುದುರೆ ಸವಾರರ ಕಂಬಗಳು ಮತ್ತು ಒಂದೇ ಕಲ್ಲಿನಲ್ಲಿ ಬಿಡಿಸಿದ ಸರಪಳಿಗಳಿವೆ. ಅದರ ಪಕ್ಕದ ಅನಂತಸರಸ್ ಪುಷ್ಕರಿಣಿಯ ನೀರಿನಡಿಯಲ್ಲಿ ಅತ್ತಿ ಮರದ ವಿಷ್ಣುಮೂರ್ತಿಯನ್ನು ಇರಿಸಲಾಗಿದೆ. ಅತ್ತಿ ವರದ ಎಂಬ ಈ ಮೂರ್ತಿಯನ್ನು 40 ವರ್ಷಗಳಿಗೊಮ್ಮೆ ಮಾತ್ರ ಹೊರತೆಗೆಯಲಾಗುತ್ತದೆ. 1979 ಮತ್ತು 2019ರಲ್ಲಿ ಹೀಗೆ ದರ್ಶನ ನಡೆದಿದೆ. 2019ರಲ್ಲಿ ಜುಲೈ 1ರಿಂದ ಆರಂಭವಾಗಿ ಆಗಸ್ಟ್ ಮಧ್ಯದವರೆಗೆ ನಡೆದ ದರ್ಶನದ ಮೊದಲ ಭಾಗದಲ್ಲಿ ಮೂರ್ತಿಯನ್ನು ಮಲಗಿದ ಭಂಗಿಯಲ್ಲಿಯೂ, ಆಗಸ್ಟ್ 1ರಿಂದ ನಿಂತ ಭಂಗಿಯಲ್ಲಿಯೂ ಇರಿಸಲಾಗಿತ್ತು. ಮುಂದಿನ ದರ್ಶನ 2059ರಲ್ಲಿ ಬರುತ್ತದೆ. ಬಾಲ್ಯದಲ್ಲಿ ಹಿರಿಯರ ಕೈ ಹಿಡಿದು ನೋಡಿದವರು ಮತ್ತೆ ಮೊಮ್ಮಕ್ಕಳೊಂದಿಗೆ ಬರುವಷ್ಟು ದೀರ್ಘ ಅಂತರವಿದು.

ಒಂದು ದಿನದ ದರ್ಶನ ಕ್ರಮ

ಬಹುತೇಕ ದೇವಾಲಯಗಳು ಮಧ್ಯಾಹ್ನ 12ರ ಸುಮಾರಿಗೆ ಮುಚ್ಚಿ ಸಂಜೆ 4ರ ಸುಮಾರಿಗೆ ತೆರೆಯುತ್ತವೆ. ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಹತ್ತು ಗಂಟೆಗೆ ಊರು ತಲುಪುವವರಿಗೆ ಅರ್ಧ ದಿನ ಕಾಯುವುದರಲ್ಲಿಯೇ ಕಳೆಯುತ್ತದೆ. ಆದ್ದರಿಂದ ಬೆಳಿಗ್ಗೆ ಬೇಗ ತಲುಪುವುದು ಅನುಕೂಲ. ಪೂರ್ವಾಭಿಮುಖವಾದ ಕೈಲಾಸನಾಥದ ಶಿಲ್ಪಗಳು ಎಳೆಬಿಸಿಲಿನಲ್ಲಿ ಸ್ಪಷ್ಟವಾಗಿ ಕಾಣುವುದರಿಂದ ಅಲ್ಲಿಂದ ಆರಂಭಿಸಿ, ಏಕಾಮ್ರನಾಥ, ಕುಮಾರಕೋಟ್ಟಂ, ಕಾಮಾಕ್ಷಿ ಮತ್ತು ಉಲಗಳಂದ ಪೆರುಮಾಳ್ ದೇವಾಲಯಗಳನ್ನು ಮಧ್ಯಾಹ್ನದೊಳಗೆ ನೋಡಬಹುದು. ಸಂಜೆ ವೈಕುಂಠ ಪೆರುಮಾಳ್ ಮತ್ತು ಕೊನೆಯಲ್ಲಿ ವರದರಾಜಸ್ವಾಮಿಯ ದರ್ಶನ ಪಡೆಯಬಹುದು.

ಪಾದರಕ್ಷೆಗಳನ್ನು ಹೊರಗೆ ಬಿಡಬೇಕಾಗಿರುವುದರಿಂದ ಬೇಸಿಗೆಯಲ್ಲಿ ಕಲ್ಲುಹಾಸು ಕಾದು ಮಕ್ಕಳಿಗೂ ಹಿರಿಯರಿಗೂ ತೊಂದರೆಯಾಗುತ್ತದೆ. ವಿಶಾಲವಾದ ಪ್ರಾಕಾರಗಳನ್ನು ಬಿಸಿಲೇರುವ ಮುನ್ನ ಸುತ್ತುವುದು ಒಳ್ಳೆಯದು. ಪಂಚೆ, ಸೀರೆ ಮುಂತಾದ ಸಾಂಪ್ರದಾಯಿಕ ಉಡುಪು ಸೂಕ್ತ. ಗರ್ಭಗೃಹಗಳಲ್ಲಿ ಛಾಯಾಚಿತ್ರ ತೆಗೆಯುವಂತಿಲ್ಲ. ಹಬ್ಬ ಮತ್ತು ಬ್ರಹ್ಮೋತ್ಸವದ ದಿನಗಳಲ್ಲಿ ಒಂದೇ ದಿನದಲ್ಲಿ ಎಲ್ಲವನ್ನೂ ನೋಡುವುದು ಕಷ್ಟ.

ಮಧ್ಯಾಹ್ನದ ಬಿಡುವಿನಲ್ಲಿ ಅನೇಕ ಕುಟುಂಬಗಳು ರೇಷ್ಮೆ ಸೀರೆಗಳ ಅಂಗಡಿಗಳಿಗೂ ನೇಕಾರರ ಮಗ್ಗಗಳಿಗೂ ಭೇಟಿ ನೀಡುತ್ತವೆ. ಕಾಂಚೀಪುರದ ಸೀರೆಯಲ್ಲಿ ಒಡಲು ಮತ್ತು ಅಂಚುಗಳಿಗೆ ಬೇರೆ ಬೇರೆ ಲಾಳಿಗಳನ್ನು ಬಳಸಿ, ಎರಡರ ನೂಲನ್ನೂ ಒಂದಕ್ಕೊಂದು ಬಿಗಿಯಾಗಿ ಹೆಣೆಯುವ 'ಕೋರ್ವೈ' ವಿಧಾನ ಪ್ರಸಿದ್ಧ. ಈ ಸೀರೆಗಳಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯಿದೆ. ಇವುಗಳಿಗೆ ಬೇಕಾದ ರೇಷ್ಮೆ ನೂಲಿನಲ್ಲಿ ದೊಡ್ಡ ಪಾಲು ಕರ್ನಾಟಕದಿಂದ ಹಾಗೂ ಜರಿಯು ಸೂರತ್‌ನಿಂದ ಬರುತ್ತದೆ. ವರದರಾಜಸ್ವಾಮಿ ದೇವಾಲಯದ ನೈವೇದ್ಯವಾದ ಕಾಂಚೀಪುರಂ ಇಡ್ಲಿಯೂ ಹೆಸರುವಾಸಿ. ಹಿಟ್ಟಿಗೆ ಮೆಣಸು, ಜೀರಿಗೆ, ಒಣಶುಂಠಿ ಮತ್ತು ತುಪ್ಪ ಸೇರಿಸಿ, ಎಲೆ ಹಾಸಿದ ಬಿದಿರಿನ ಬುಟ್ಟಿಯಲ್ಲಿ ಹಬೆಯಲ್ಲಿ ಬೇಯಿಸಿ, ತುಂಡುಗಳಾಗಿ ಕತ್ತರಿಸಿ ಕೊಡಲಾಗುತ್ತದೆ.

ಸಮಯವಿದ್ದವರು ಜಿನಕಂಚಿಯ ತ್ರೈಲೋಕ್ಯನಾಥ ಬಸದಿಯನ್ನೂ ನೋಡಬಹುದು. ಅದರ ಸಂಗೀತ ಮಂಟಪವನ್ನು ವಿಜಯನಗರದ ಜೈನ ದಂಡನಾಯಕ ಇರುಗಪ್ಪನು 14ನೆಯ ಶತಮಾನದ ಕೊನೆಯಲ್ಲಿ ಕಟ್ಟಿಸಿದನು. ಚಾವಣಿಯ ಮೇಲೆ ತೀರ್ಥಂಕರರ ಜೀವನದ ವರ್ಣಚಿತ್ರಗಳಿವೆ.

ಕನ್ನಡ ನಾಡಿನೊಂದಿಗಿನ ನಂಟು

ಕದಂಬ ರಾಜವಂಶದ ಹುಟ್ಟಿಗೂ ಕಾಂಚಿಗೂ ಸಂಬಂಧವಿದೆ. ಶಿವಮೊಗ್ಗ ಜಿಲ್ಲೆಯ ತಾಳಗುಂದದ ಸ್ತಂಭಶಾಸನದ ಪ್ರಕಾರ, ಮಯೂರಶರ್ಮನು ತನ್ನ ಗುರು ವೀರಶರ್ಮನೊಂದಿಗೆ ವೇದಾಧ್ಯಯನಕ್ಕಾಗಿ ಕಾಂಚಿಯ ಘಟಿಕೆಗೆ ಹೋಗಿದ್ದನು. ಅಲ್ಲಿ ಪಲ್ಲವರ ಅಶ್ವಾರೋಹಿಯೊಂದಿಗೆ ಉಂಟಾದ ಜಗಳದಲ್ಲಿ ಅವಮಾನಿತನಾಗಿ, ಓದನ್ನು ಬಿಟ್ಟು ಖಡ್ಗ ಹಿಡಿದನು. 4ನೆಯ ಶತಮಾನದಲ್ಲಿ ಹೀಗೆ ಸ್ಥಾಪನೆಯಾದ ಬನವಾಸಿಯ ಕದಂಬ ರಾಜ್ಯವು ಕನ್ನಡ ನಾಡಿನ ಮೊದಲ ಸ್ವತಂತ್ರ ರಾಜ್ಯವೆಂದು ಪರಿಗಣಿತವಾಗಿದೆ. ವಿದ್ಯಾರ್ಥಿಯಾಗಿ ಹೋದ ಮಯೂರಶರ್ಮ, ವಿಜೇತನಾಗಿ ಹೋದ ವಿಕ್ರಮಾದಿತ್ಯ, ಗೋಪುರ ಕಟ್ಟಿಸಿದ ಕೃಷ್ಣದೇವರಾಯ ಹೀಗೆ ಬೇರೆ ಬೇರೆ ಶತಮಾನಗಳಲ್ಲಿ ಈ ನಂಟು ಮುಂದುವರಿಯಿತು.

ಸಂರಕ್ಷಣೆ

ಕೈಲಾಸನಾಥ ಮತ್ತು ವೈಕುಂಠ ಪೆರುಮಾಳ್ ದೇವಾಲಯಗಳು ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿದ್ದು, ಪೂಜೆಯೂ ನಡೆಯುತ್ತಿದೆ. ಮರಳುಗಲ್ಲು ಮೃದುವಾದ್ದರಿಂದ ಮಳೆ ಗಾಳಿಗಳಿಗೆ ಪುಡಿಯಾಗಿ ಉದುರುತ್ತದೆ. ಹಿಂದಿನ ಕಾಲದಲ್ಲಿ ದುರಸ್ತಿಯ ಹೆಸರಿನಲ್ಲಿ ಬಳಿದ ಗಾರೆಯು ಕೈಲಾಸನಾಥದ ಅನೇಕ ಶಿಲ್ಪಗಳ ಮೂಲ ರೂಪವನ್ನು ಮರೆಮಾಡಿದೆ. ಚಿಕ್ಕ ಗುಡಿಗಳ ವರ್ಣಚಿತ್ರಗಳಲ್ಲಿ ತುಣುಕುಗಳಷ್ಟೇ ಉಳಿದಿವೆ. ಗೋಡೆಗೆ ಒರಗುವುದು, ಶಿಲ್ಪಗಳನ್ನು ಕೈಯಿಂದ ಸವರುವುದು, ಕಂಬಗಳಿಗೆ ಕುಂಕುಮ ಅಥವಾ ಎಣ್ಣೆ ಹಚ್ಚುವುದು ಮತ್ತು ಹೆಸರು ಗೀಚುವುದರಿಂದ ಕಲ್ಲಿನ ಮೇಲ್ಮೈ ಮತ್ತಷ್ಟು ಬೇಗ ಹಾಳಾಗುತ್ತದೆ. ವಿಕ್ರಮಾದಿತ್ಯನ ಕನ್ನಡ ಶಾಸನವಿರುವುದೂ ಇಂಥದೇ ಕಲ್ಲಿನ ಕಂಬದ ಮೇಲೆ. ಅದರ ಕೊನೆಯಲ್ಲಿ ಈ ಅಕ್ಷರಗಳನ್ನು ಅಳಿಸುವವರಿಗೆ ಶಾಪದ ಮಾತಿದೆ.